ಮನೆಯೊಳಗಿನ ನೀತಿಗೆ ರಿಜಿಸ್ಟ್ರಾರ್ ಸಹಿ

ಮದುವೆಯಾಗದೆ ಒಟ್ಟಿಗೆ ಬಾಳುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ಹತ್ತು ವರ್ಷಕ್ಕಿಂತ ಜಾಸ್ತಿಯಾಯಿತು. ಆದರೆ ಉತ್ತರಾಖಂಡದಲ್ಲಿ ಹಾಗೆ ಬಾಳುವವರು ಒಂದು ತಿಂಗಳೊಳಗೆ ಸರ್ಕಾರಕ್ಕೆ ತಿಳಿಸದಿದ್ದರೆ ಜೈಲಾಗಬಹುದು. ಎರಡೂ ಒಂದೇ ದೇಶದ ಕಾನೂನು. ಪತ್ರಿಕೆಯಲ್ಲಿ ಎರಡನ್ನೂ ಓದಿದವರು ಗೊಂದಲಕ್ಕೆ ಬಿದ್ದರೆ ತಪ್ಪೇನಿಲ್ಲ. ತಪ್ಪಲ್ಲದ ಕೆಲಸವನ್ನು ಪೊಲೀಸ್ ಠಾಣೆಗೆ ಯಾಕೆ ತಿಳಿಸಬೇಕು?

ಈ ಪ್ರಶ್ನೆ ಬಂದ ಕೂಡಲೇ ಟಿವಿ ಚರ್ಚೆಗಳು ಎರಡು ಬಣವಾಗುತ್ತವೆ. ಒಂದು ಕಡೆ 'ಸಂಸ್ಕೃತಿ ಉಳಿಸುವವರು', ಇನ್ನೊಂದು ಕಡೆ 'ಲಿಬರಲ್‌ಗಳು'. ಒಬ್ಬರಿಗೆ ನೀತಿ ಮುಖ್ಯ, ಇನ್ನೊಬ್ಬರಿಗೆ ಸ್ವಾತಂತ್ರ್ಯ ಮುಖ್ಯ ಅಂತ ನಿರೂಪಕರು ಹಂಚಿಬಿಡುತ್ತಾರೆ. ಆ ಹಂಚಿಕೆಯಲ್ಲೇ ಎಡವಟ್ಟಿದೆ. ಲಿಬರಲ್‌ಗಳ ಉದಾರವಾದವೂ ಒಂದು ನೀತಿಯೇ. ಅದಕ್ಕೂ ತನ್ನದೇ ಆದ 'ಮಾಡಬಾರದು'ಗಳಿವೆ. ನಿಜವಾದ ಜಗಳ ಇರುವುದು ಯಾರ ನೀತಿಯನ್ನು, ಯಾರ ಮೇಲೆ, ಯಾವ ಕೋಲು ಹಿಡಿದು ಜಾರಿ ಮಾಡಬೇಕು ಎಂಬುದರಲ್ಲಿ.

ಕಾಯ್ದೆಯಲ್ಲಿ ಏನಿದೆ

ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2024ರ ಫೆಬ್ರವರಿಯಲ್ಲಿ. ಜಾರಿಗೆ ಬಂದದ್ದು 2025ರ ಜನವರಿ 27ರಂದು. ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆ ಎಲ್ಲಕ್ಕೂ ಎಲ್ಲ ಧರ್ಮದವರಿಗೂ ಒಂದೇ ನಿಯಮ ಅನ್ನುವುದು ಅದರ ಉದ್ದೇಶ. ಪರಿಶಿಷ್ಟ ಪಂಗಡಗಳಿಗೆ ಮಾತ್ರ ವಿನಾಯಿತಿ ಇದೆ. ಇವೆಲ್ಲ ಹಳೆಯ ಚರ್ಚೆ. ಜನ ಕಣ್ಣರಳಿಸಿ ಓದಿದ್ದು ಲಿವ್-ಇನ್ ಭಾಗವನ್ನು.

ಒಟ್ಟಿಗೆ ಬಾಳುವ ಗಂಡು ಹೆಣ್ಣು ರಿಜಿಸ್ಟ್ರಾರ್‌ಗೆ ಹೇಳಿಕೆ ಸಲ್ಲಿಸಬೇಕು. ಅವರು 30 ದಿನದೊಳಗೆ ವಿಚಾರಣೆ ಮಾಡಿ ನೋಂದಣಿ ಮಾಡಬಹುದು, ನಿರಾಕರಿಸಲೂಬಹುದು. ಹೇಳಿಕೆಯ ಪ್ರತಿ ಸ್ಥಳೀಯ ಪೊಲೀಸ್ ಠಾಣೆಗೆ ಹೋಗುತ್ತದೆ. ಇಬ್ಬರಲ್ಲಿ ಯಾರಿಗಾದರೂ 21 ತುಂಬಿಲ್ಲದಿದ್ದರೆ ಅಪ್ಪ ಅಮ್ಮನಿಗೆ ತಿಳಿಸಲಾಗುತ್ತದೆ. ಅಂದರೆ ವೋಟು ಹಾಕಿ ಸರ್ಕಾರ ಆರಿಸುವ 19ರ ಹುಡುಗಿ, ತಾನು ಯಾರ ಜೊತೆ ಇದ್ದೇನೆ ಎಂಬುದನ್ನು ಮನೆಯಿಂದ ಮುಚ್ಚಿಡುವ ಹಾಗಿಲ್ಲ. ಮೂಲ ಕಾಯ್ದೆಯ ಪ್ರಕಾರ ಒಂದು ತಿಂಗಳಾದರೂ ನೋಂದಣಿಗೆ ಹೋಗದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. ನೋಟಿಸ್ ಬಂದ ಮೇಲೂ ಸುಮ್ಮನಿದ್ದರೆ ಶಿಕ್ಷೆ ಆರು ತಿಂಗಳವರೆಗೆ ಏರುತ್ತದೆ.

ಅರ್ಜಿ ನಮೂನೆಯೂ ನೋಡುವಂಥದ್ದು. ಕಾಯ್ದೆ ಜಾರಿಗೆ ಬಂದಾಗ ಅದು 16 ಪುಟ ಇತ್ತು. ಆಧಾರ್ ಬೇಕು, ವಿಳಾಸದ ಪುರಾವೆ ಬೇಕು, ಹಿಂದಿನ ಸಂಬಂಧದ ವಿವರವೂ ಬೇಕು. ಕೆಲವು ಸಂದರ್ಭಗಳಲ್ಲಿ 'ಇವರಿಬ್ಬರೂ ಮದುವೆಯಾಗಲು ಅಡ್ಡಿಯಿಲ್ಲ' ಅಂತ ಧರ್ಮಗುರುಗಳ ಪತ್ರವನ್ನೂ ಕೇಳಲಾಗಿತ್ತು. ಮದುವೆ ಬೇಡ ಅಂತಲೇ ಈ ದಾರಿ ಹಿಡಿದವರು ಪುರೋಹಿತರನ್ನು ಹುಡುಕಿಕೊಂಡು ಹೋಗಬೇಕಾದದ್ದು ತಮಾಷೆಯೇ ಸರಿ.

ಇದರಲ್ಲಿ ಒಳ್ಳೆಯದೂ ಇದೆ. ಇಂಥ ಸಂಬಂಧದಲ್ಲಿ ಹುಟ್ಟಿದ ಮಗುವಿಗೆ ಕಾನೂನುಬದ್ಧ ಸ್ಥಾನ ಸಿಗುತ್ತದೆ. ಸಂಗಾತಿ ಕೈಬಿಟ್ಟರೆ ಹೆಣ್ಣು ಜೀವನಾಂಶ ಕೇಳಬಹುದು. ಈ ಎರಡು ಅಂಶಗಳನ್ನು ಕಡೆಗಣಿಸಿ ಕಾಯ್ದೆಯನ್ನು ಸುಮ್ನೆ ಬೈಯುವುದು ಸರಿಯಲ್ಲ.

ಕೋರ್ಟು ನಡೆದು ಬಂದ ದಾರಿ

2005ರಲ್ಲಿ ನಟಿ ಖುಷ್ಬೂ ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ಒಂದು ಪತ್ರಿಕೆಗೆ ಅಭಿಪ್ರಾಯ ಹೇಳಿದ್ದರು. ಅಷ್ಟಕ್ಕೇ ಅವರ ಮೇಲೆ ಬಿದ್ದದ್ದು 23 ಕ್ರಿಮಿನಲ್ ದೂರು. 2010ರಲ್ಲಿ ಸುಪ್ರೀಂ ಕೋರ್ಟ್ ಅಷ್ಟನ್ನೂ ರದ್ದು ಮಾಡಿತು. ಸಮಾಜಕ್ಕೆ ಹಿಡಿಸದ್ದೆಲ್ಲ ಅಪರಾಧವಾಗುವುದಿಲ್ಲ, ವಯಸ್ಕರು ಒಟ್ಟಿಗೆ ಬಾಳುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ ಅಂತ ಹೇಳಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಈ ತೀರ್ಪಿನ ಜೊತೆ ಅಂಟಿಕೊಂಡ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು. ಮಲಗುವ ಕೋಣೆಯ ವಿಷಯ ಅವರ ಅರ್ಜಿಯಲ್ಲಿ ಇರಲೇ ಇಲ್ಲ. ಆದರೂ ಆಮೇಲೆ ಬಂದ ತೀರ್ಪುಗಳಿಗೆ ಅದೇ ಬುನಾದಿಯಾಯಿತು.

2018ರ ಸೆಪ್ಟೆಂಬರ್ ತಿಂಗಳಲ್ಲಂತೂ ತೀರ್ಪುಗಳ ಸುರಿಮಳೆ. 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದಾಯಿತು. 27ರಂದು ವ್ಯಭಿಚಾರದ 497ನೇ ಕಲಂ ಬಿದ್ದುಹೋಯಿತು. 28ರಂದು ಶಬರಿಮಲೆ ತೀರ್ಪು ಬಂತು. 497ನೇ ಕಲಮನ್ನು ಸ್ವಲ್ಪ ನಿಂತು ನೋಡಬೇಕು. ಅದು ವ್ಯಭಿಚಾರವನ್ನು ತಡೆಯುವ ಕಾನೂನು ಅಂತ ಜನ ಅಂದುಕೊಂಡಿದ್ದರು. ಅದರಲ್ಲಿ ಬರೆದದ್ದೇ ಬೇರೆ. ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆ ಇಲ್ಲದೆ ಸಂಬಂಧ ಇಟ್ಟುಕೊಂಡರೆ ಮಾತ್ರ ಅಪರಾಧ. ಗಂಡ ಒಪ್ಪಿದರೆ ಅಪರಾಧವಿಲ್ಲ. ತನ್ನ ಗಂಡನ ಮೇಲೆ ದೂರು ಕೊಡುವ ಹಕ್ಕು ಹೆಂಡತಿಗಿಲ್ಲ. ಹೆಂಡತಿ ಅಂದರೆ ಗಂಡನ ಸೊತ್ತು ಅನ್ನುವ ಲೆಕ್ಕಾಚಾರಕ್ಕೆ ನೀತಿಯ ಹೆಸರಿಟ್ಟು 150 ವರ್ಷಕ್ಕೂ ಜಾಸ್ತಿ ಕಾಲ ಕಾಪಾಡಿಕೊಂಡು ಬಂದಿದ್ದೆವು. 1985ರಲ್ಲಿ ಅದನ್ನು ಎತ್ತಿಹಿಡಿದದ್ದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. 2018ರಲ್ಲಿ ರದ್ದು ಮಾಡಿದ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಇದ್ದರು.

ಈ ತೀರ್ಪುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು 'ಸಾಂವಿಧಾನಿಕ ನೈತಿಕತೆ', ಅಂದರೆ ಜನರ ರೂಢಿಯ ನೀತಿಗಿಂತ ಸಂವಿಧಾನದ ಮೌಲ್ಯಗಳಿಗೆ ಬದ್ಧವಾಗಿರುವುದು. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಳಸಿದ ಮಾತು ಅದು. ಅದು ಹುಟ್ಟಿನಿಂದ ಬರುವಂಥದ್ದಲ್ಲ, ಬೆಳೆಸಿಕೊಳ್ಳಬೇಕು ಅಂದಿದ್ದರು. ಪ್ರಜಾಪ್ರಭುತ್ವ ಈ ನೆಲಕ್ಕೆ ಹಾಕಿದ ಮೇಲುಗೊಬ್ಬರ ಮಾತ್ರ, ನೆಲದ ಗುಣವೇ ಬೇರೆ ಎಂಬ ಅರ್ಥದ ಮಾತನ್ನೂ ಆಗಲೇ ಆಡಿದ್ದರು. ಅವರು ಹೇಳುತ್ತಿದ್ದದ್ದು ಆಡಳಿತದ ವಿವರಗಳನ್ನು ಸಂವಿಧಾನದಲ್ಲೇ ಯಾಕೆ ಬರೆಯಬೇಕು ಎಂಬುದರ ಬಗ್ಗೆ. ಕೋರ್ಟುಗಳು ಅದನ್ನು ಖಾಸಗಿ ಬದುಕಿಗೂ ಎಳೆದು ತಂದವು. ಇದು ಅತಿಯಾಯಿತು ಎನ್ನುವ ಕಾನೂನು ಪಂಡಿತರಿದ್ದಾರೆ. ಅವರ ಆಕ್ಷೇಪದಲ್ಲಿ ಅರ್ಥವಿದೆ. ಜನರ ನೀತಿಯ ಜಾಗದಲ್ಲಿ ನ್ಯಾಯಮೂರ್ತಿಗಳ ನೀತಿ ಬಂದು ಕೂತರೆ, ಅದನ್ನು ತಿದ್ದುವವರು ಯಾರು?

ಇಂಗ್ಲೆಂಡಿನ ಹಳೇ ಜಗಳ

ಈ ಜಗಳ ನಮ್ಮಲ್ಲೇ ಹುಟ್ಟಿದ್ದೇನೂ ಅಲ್ಲ. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಒಂದು ಪುಸ್ತಕ ಬರೆದು ಸರಳ ಗೆರೆ ಎಳೆದ. ಇನ್ನೊಬ್ಬರಿಗೆ ಕೇಡಾಗುವುದನ್ನು ತಡೆಯಲು ಮಾತ್ರ ಒಬ್ಬನ ಮೇಲೆ ಬಲ ಪ್ರಯೋಗಿಸಬಹುದು, ಅವನ ಒಳ್ಳೆಯದಕ್ಕೆ ಅಂತ ಹೇಳಿ ಒತ್ತಾಯ ಮಾಡುವಂತಿಲ್ಲ. ಇದೇ ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವನು. 'ಹಿಂದುಳಿದ' ಸಮಾಜಗಳಿಗೆ ಈ ಸೂತ್ರ ಅನ್ವಯಿಸುವುದಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆದಿಟ್ಟವನು. ಉದಾರವಾದದ ಬಗ್ಗೆ ನಮ್ಮವರಿಗೆ ಅನುಮಾನ ಬರುವುದಕ್ಕೆ ಕಾರಣಗಳಿವೆ.

ಸುಮಾರು ನೂರು ವರ್ಷ ಆದಮೇಲೆ, 1957ರಲ್ಲಿ, ವಯಸ್ಕರ ನಡುವಿನ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿರಿ ಅಂತ ವುಲ್ಫೆಂಡನ್ ಸಮಿತಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟಿತು. ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್ ಒಪ್ಪಲಿಲ್ಲ. ಎಲ್ಲರೂ ಒಪ್ಪಿದ ನೀತಿಯೇ ಸಮಾಜದ ತೊಲೆ, ಅದಕ್ಕೆ ಗೆದ್ದಲು ಹಿಡಿದರೆ ಮನೆಯೇ ಕುಸಿಯುತ್ತದೆ ಎನ್ನುವ ಧಾಟಿಯ ವಾದ ಅವರದು. ಸಾಮಾನ್ಯ ಮನುಷ್ಯನಿಗೆ ತೀರಾ ಅಸಹ್ಯವಾದದ್ದನ್ನು ಕಾನೂನು ತಡೆಯಬಹುದು ಅಂದರು. ಕಾನೂನು ತತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್ ಅದಕ್ಕೆ ಉತ್ತರ ಕೊಟ್ಟರು: ನೀತಿ ಬದಲಾದ ಮಾತ್ರಕ್ಕೆ ಸಮಾಜ ಕುಸಿಯುತ್ತದೆ ಎನ್ನುವುದಕ್ಕೆ ಪುರಾವೆ ಎಲ್ಲಿದೆ? 1967ರಲ್ಲಿ ಇಂಗ್ಲೆಂಡ್ ಕಾನೂನು ಬದಲಿಸಿತು. ತೊಲೆ ಮುರಿಯಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿ ಅವರು ನಮಗೆ ಹೇರಿ ಹೋದ 377ನೇ ಕಲಂ ಮಾತ್ರ ನಮ್ಮಲ್ಲಿ ಇನ್ನೂ 51 ವರ್ಷ ಉಳಿಯಿತು.

ಡೆವ್ಲಿನ್ ಸೋತರು ಅಂತ ಫೈಲು ಮುಚ್ಚುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ನಡೆಯುವ ಜಗಳವೆಲ್ಲ ಡೆವ್ಲಿನ್ ಭಾಷೆಯಲ್ಲೇ ನಡೆಯುತ್ತದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರು ಹೇಳಿದ್ದು ಇದನ್ನೇ, ನಮ್ಮ ಸಂಸ್ಕೃತಿ ಹಾಳಾಗುತ್ತಿದೆ ಅಂತ. ಆ ಹೊಡೆತವನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕರಾವಳಿಯಲ್ಲಿ ಇದಕ್ಕೆ 'ನೈತಿಕ ಪೊಲೀಸ್‌ಗಿರಿ' ಅಂತ ಹೆಸರು ಬಿತ್ತು. ಅದರಲ್ಲಿ ನೈತಿಕತೆ ಎಲ್ಲಿದೆ ಅಂತ ಕೇಳುವವರು 'ಅನೈತಿಕ ಪೊಲೀಸ್‌ಗಿರಿ' ಅಂತ ಬರೆಯತೊಡಗಿದರು.

ಮಡೆಸ್ನಾನ ಒಡ್ಡುವ ಪ್ರಶ್ನೆ

ಈಗ ಉದಾರವಾದಿಗಳ ಕಡೆಗೆ ತಿರುಗೋಣ. ಅವರ ಮುಖ್ಯ ಆಯುಧ 'ಒಪ್ಪಿಗೆ'. ಇಬ್ಬರು ವಯಸ್ಕರು ಒಪ್ಪಿ ಮಾಡಿದ್ದನ್ನು ಕೇಳಲು ನೀವು ಯಾರು ಎನ್ನುತ್ತಾರೆ. ಕೇಳಲು ಗಟ್ಟಿಯಾದ ವಾದ. ಆದರೆ ಇದೇ ವಾದವನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೆ ತೆಗೆದುಕೊಂಡು ಹೋಗಿ ನೋಡಿ.

ಚಂಪಾಷಷ್ಠಿಯ ಹೊತ್ತಿಗೆ ಅಲ್ಲಿ ಮಡೆಸ್ನಾನ ನಡೆಯುತ್ತಿತ್ತು. ಬ್ರಾಹ್ಮಣರು ಉಂಡು ಬಿಟ್ಟ ಎಲೆಗಳ ಮೇಲೆ ಭಕ್ತರು ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ, ಹರಕೆ. ನಿಷೇಧದ ಮಾತು ಬಂದಾಗ ಉರುಳುವವರೇ ಮುಂದೆ ಬಂದು, ನಮ್ಮನ್ನು ಯಾರೂ ಬಲವಂತ ಮಾಡಿಲ್ಲ, ಇದು ನಮ್ಮ ನಂಬಿಕೆ ಅಂದರು. ಎಲ್ಲರೂ ವಯಸ್ಕರು, ಎಲ್ಲರ ಒಪ್ಪಿಗೆಯೂ ಇದೆ, ಬೇರೆಯವರಿಗೆ ಪೆಟ್ಟೂ ಇಲ್ಲ. ಮಿಲ್‌ನ ಗೆರೆಯ ಪ್ರಕಾರ ಸರ್ಕಾರ ಕೈಹಾಕುವಂತಿಲ್ಲ, ಅಲ್ವಾ? ಆದರೆ ಕರ್ನಾಟಕದ ಪ್ರಗತಿಪರರು ನಿಷೇಧಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಎಂಜಲೆಲೆಯ ಮೇಲೆ ಉರುಳುವ ಪದ್ಧತಿಯನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧದ ಪಟ್ಟಿಗೆ ಸೇರಿಸಿತು. ಕಾರಣ ಮನುಷ್ಯನ ಘನತೆ.

ಅಂದರೆ ಉದಾರವಾದಿಗಳಿಗೂ ಒಪ್ಪಿಗೆಯೊಂದೇ ಸಾಲದು. ಒಪ್ಪಿಗೆಯ ಹಿಂದೆ ಜಾತಿಯ ಭಾರ ಇದೆಯಾ, ಬಡತನ ಇದೆಯಾ, ಹೆದರಿಕೆ ಇದೆಯಾ ಅಂತ ಅವರೂ ನೋಡುತ್ತಾರೆ. ನೋಡಬೇಕಾದದ್ದೇ. ಆದರೆ ಲಿವ್-ಇನ್ ವಿಷಯ ಬಂದಾಗ ಅದೇ ಪ್ರಶ್ನೆಯನ್ನು ಎದುರಿನವರು ಕೇಳಿದರೆ 'ಖಾಸಗಿ ವಿಚಾರ' ಅಂತ ಬಾಗಿಲು ಹಾಕುತ್ತಾರೆ. ಇಲ್ಲಿ ಅವರ ವಾದ ದುರ್ಬಲ. ಮನೆಯ ನಾಲ್ಕು ಗೋಡೆಯ ಖಾಸಗಿತನದಲ್ಲೇ ಹೆಂಗಸರು ಏಟು ತಿಂದದ್ದು ಅಂತ ಸ್ತ್ರೀವಾದಿಗಳು ಎಷ್ಟೋ ದಶಕಗಳಿಂದ ಹೇಳುತ್ತಿದ್ದಾರೆ.

'ನಮ್ಮ ಸಂಸ್ಕೃತಿ' ಯಾರದು

ಇನ್ನೊಂದು ಬಣದ ಆಯುಧ 'ಸಂಸ್ಕೃತಿ'. ಒಟ್ಟಿಗೆ ಬಾಳುವುದು ಪಶ್ಚಿಮದಿಂದ ಬಂದ ಚಾಳಿ ಅಂತ ವಾದ. ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಕರ್ನಾಟಕದ ಹಲವು ಸಮುದಾಯಗಳಲ್ಲಿ 'ಸೀರುಡಿಕೆ', 'ಕೂಡಿಕೆ' ಎಂಬ ಪದ್ಧತಿಗಳಿದ್ದವು. ಗಂಡ ಸತ್ತವಳು ಅಥವಾ ಗಂಡನನ್ನು ಬಿಟ್ಟವಳು ಇನ್ನೊಬ್ಬನ ಜೊತೆ ಸಂಸಾರ ಹೂಡುತ್ತಿದ್ದಳು. ಧಾರೆ ಇಲ್ಲ, ವಾಲಗ ಇಲ್ಲ. ಒಂದು ಸೀರೆ, ನಾಲ್ಕು ಜನ ಹಿರಿಯರು, ಅಷ್ಟೇ. ಮೊದಲ ಮದುವೆಯಷ್ಟು ಮರ್ಯಾದೆ ಅದಕ್ಕಿರಲಿಲ್ಲ ಅನ್ನುವುದು ನಿಜ. ಆದರೂ ಅದು ಬದುಕಿನ ದಾರಿಯಾಗಿತ್ತು, ಮಕ್ಕಳು ಬೆಳೆದರು. ಇದು ಕೀಳು ಅನ್ನಿಸತೊಡಗಿದ್ದು ಮೇಲ್ಜಾತಿಯ ಮದುವೆಯ ಅಳತೆಗೋಲು ಎಲ್ಲರಿಗೂ ಒಂದೇ ಆದಮೇಲೆ. ಹಾಗಾಗಿ ಸಂಸ್ಕೃತಿ ಉಳಿಸಬೇಕು ಎನ್ನುವವರಿಗೆ ಯಾವ ಕೇರಿಯದ್ದು ಅಂತ ಕೇಳುವುದು ಕುಹಕವಲ್ಲ.

ಸರ್ಕಾರದ ವಾದದ ಹುರುಳು ಮತ್ತು ತೂತು

ಸರ್ಕಾರ ಹೇಳುವುದು: ಲಿವ್-ಇನ್‌ನಲ್ಲಿ ಹೆಣ್ಣು ಮೋಸಹೋಗುತ್ತಾಳೆ, ಕೊಲೆಯೂ ಆಗಿದೆ, ದಾಖಲೆ ಇದ್ದರೆ ರಕ್ಷಣೆ ಸುಲಭ. 2022ರಲ್ಲಿ ಬೆಳಕಿಗೆ ಬಂದ ದೆಹಲಿಯ ಮೆಹ್ರೌಲಿ ಕೊಲೆ ಪ್ರಕರಣವನ್ನು ಇಂಥ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ. ಕಾಳಜಿ ಸುಳ್ಳಲ್ಲ. ನೋಂದಣಿಯ ವಿರುದ್ಧ ಉತ್ತರಾಖಂಡ ಹೈಕೋರ್ಟಿಗೆ ಹೋದ ಅರ್ಜಿಯೊಂದರ ವಿಚಾರಣೆಯಲ್ಲಿ, ನೀವು ಒಟ್ಟಿಗೆ ಇರುವುದು ಅಕ್ಕಪಕ್ಕದವರಿಗೆಲ್ಲ ಗೊತ್ತು, ಮತ್ತೆ ಗುಟ್ಟು ಯಾವುದು ಅಂತ ಪೀಠ ಮೌಖಿಕವಾಗಿ ಕೇಳಿತ್ತು. ಬೀದಿಯ ಜನಕ್ಕೆ ಗೊತ್ತಿರುವುದಕ್ಕೂ ಠಾಣೆಯ ಕಡತದಲ್ಲಿ ಇರುವುದಕ್ಕೂ ಬಹಳ ವ್ಯತ್ಯಾಸ ಇದೆ. ಬೀದಿ ಬದಲಿಸಬಹುದು.

ರಕ್ಷಣೆಯೇ ಉದ್ದೇಶವಾದರೆ ಒಂದು ಲೆಕ್ಕ ತಾಳೆಯಾಗುವುದಿಲ್ಲ. ಮದುವೆಯಾದ ಹೆಂಗಸಿನ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರವಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಇಂದಿಗೂ ಹೇಳುತ್ತದೆ. ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂಬ ನಿಲುವಿನಲ್ಲಿ 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ವಿಚಾರಣೆಗೆ ಅವಕಾಶ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮದುವೆಯಾಗದ ಮನೆಯ ಕಿಟಕಿಯಲ್ಲಿ ಇಣುಕುವ ಕಾನೂನು, ಮದುವೆಯಾದ ಮನೆ ಬಂದಾಗ ಮುಖ ತಿರುಗಿಸಿಕೊಂಡು ಹೋಗುತ್ತದೆ. ಅಲ್ಲಿಗೆ ಕಾಪಾಡುತ್ತಿರುವುದು ಹೆಣ್ಣನ್ನೋ ಮದುವೆಯನ್ನೋ ಎಂಬ ಅನುಮಾನ ಬರುತ್ತದೆ.

ರಕ್ಷಣೆಗೆ ಕಾನೂನು ಇರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 'ಮದುವೆಯಂಥ ಸಂಬಂಧ'ದಲ್ಲಿರುವ ಹೆಂಗಸಿಗೂ ಅನ್ವಯಿಸುತ್ತದೆ. ಅದರಲ್ಲಿ ನೋಂದಣಿ ಬೇಕಿಲ್ಲ. ತೊಂದರೆ ಆದಾಗ ಬಂದು, ನಾವು ಹೀಗೆ ಬಾಳುತ್ತಿದ್ದೆವು ಅಂತ ತೋರಿಸಿದರೆ ಸಾಕು. ಹೊಸ ಕಾಯ್ದೆ ಈ ಕ್ರಮವನ್ನೇ ತಿರುಗಿಸಿತು. ಮೊದಲು ವರದಿ ಒಪ್ಪಿಸು, ರಕ್ಷಣೆಯ ಮಾತು ಆಮೇಲೆ.

ಮುಂದೇನಾಗಬಹುದು

ಒಬ್ಬಳಿಗೆ ಸಂಗಾತಿ ಹೊಡೆಯುತ್ತಾನೆ ಅಂದುಕೊಳ್ಳಿ. ನೋಂದಣಿ ಆಗಿಲ್ಲ. ಅವನೇ ಬೇಡ ಅಂದಿದ್ದ, ಅಥವಾ ಊರಲ್ಲಿ ಗೊತ್ತಾಗುತ್ತದೆ ಅಂತ ಇಬ್ಬರೂ ಸುಮ್ಮನಿದ್ದರು. ಈಗ ಅವಳು ಠಾಣೆಗೆ ಹೋದರೆ ಮೊದಲ ಪ್ರಶ್ನೆ ಏನಿರುತ್ತದೆ? ರಿಜಿಸ್ಟರ್ ಆಗಿದೆಯಾ ಅಂತ. ಆಗಿಲ್ಲ ಅಂದರೆ ದೂರು ಕೊಡಲು ಬಂದವಳೇ ಆರೋಪಿ. ಇದು ಗೊತ್ತಿರುವ ಗಂಡಸಿಗೆ ಹೊಸದೊಂದು ಬೆದರಿಕೆ ಸಿಕ್ಕಿತು: 'ಹೋಗು, ನೀನೂ ಒಳಗೆ ಹೋಗ್ತೀಯ.' ರಕ್ಷಣೆಗೆ ಅಂತ ಮಾಡಿದ ಶಿಕ್ಷೆ ಹೀಗೆ ದೂರನ್ನೇ ತಡೆಯುವ ಸಾಧ್ಯತೆ ಇದೆ.

ಜಾತಿ ಧರ್ಮ ದಾಟಿ ಜೊತೆಯಾದವರ ಕಥೆ ಇನ್ನೂ ಕಷ್ಟ. ಇದನ್ನು ಊಹಿಸಬೇಕಾಗಿಲ್ಲ, ವಿಶೇಷ ವಿವಾಹ ಕಾಯ್ದೆಯ ಅನುಭವ ಕಣ್ಣ ಮುಂದೆ ಇದೆ. 1954ರ ಆ ಕಾಯ್ದೆಯ ಪ್ರಕಾರ ಮದುವೆಗೆ 30 ದಿನ ಮುಂಚೆ ನೋಟಿಸ್ ಹಾಕಬೇಕು. ಕಚೇರಿಯ ಗೋಡೆಯ ಬೋರ್ಡಿನಲ್ಲಿ ಹೆಸರು, ವಿಳಾಸ ಎಲ್ಲ ಇರುತ್ತದೆ. ಆಕ್ಷೇಪಣೆ ಇದ್ದವರು ಬರಲಿ ಅಂತ ಕಾನೂನಿನ ಉದ್ದೇಶ. ಅದನ್ನು ಓದಲು ಬರುವವರು ಮಾತ್ರ ಬೇರೆಯೇ. ಫೋಟೋ ಹೊಡೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಸಂಜೆಯೊಳಗೆ ಹುಡುಗಿಯ ಮನೆಯಲ್ಲಿ ರಂಪ. ಈ ಪ್ರಕಟಣೆ ಕಡ್ಡಾಯವಲ್ಲ, ಜೋಡಿ ಬಯಸಿದರೆ ಮಾತ್ರ ಅಂತ ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಬೇಕಾಗಿ ಬಂದದ್ದು ಇದಕ್ಕೇ.

ಮೂರನೆಯದು ಬಾಡಿಗೆ ಮನೆ. ಬೆಂಗಳೂರಿನ ಯಾವುದೇ ಬಡಾವಣೆಯ ಟು-ಲೆಟ್ ಬೋರ್ಡಿನ ಕೆಳಗೆ 'ಫ್ಯಾಮಿಲಿಗೆ ಮಾತ್ರ' ಅಂತ ಕಾಣುತ್ತದೆ. ಮನೆ ತೋರಿಸುವ ಮೊದಲೇ ಓನರ್ ಆಂಟಿ ಮದುವೆ ಆಗಿದೆಯಾ, ಯಾವ ಜನ, ನಾನ್‌ವೆಜ್ ಮಾಡ್ತೀರಾ ಅಂತ ಕೇಳಿ ಮುಗಿಸಿರುತ್ತಾರೆ. ಇದು ಸಮಾಜದ ನೀತಿ. ಹಿಡಿಸದಿದ್ದರೆ ಮುಂದಿನ ಬೀದಿಗೆ ಹೋಗಬಹುದು. ಉತ್ತರಾಖಂಡದ ನಿಯಮಗಳು ಇದನ್ನು ಮಾಲೀಕರ ಕರ್ತವ್ಯವಾಗಿಸಿದವು. ಲಿವ್-ಇನ್ ಜೋಡಿಗೆ ಮನೆ ಕೊಡುವ ಮುನ್ನ ನೋಂದಣಿ ಪತ್ರ ಕೇಳಬೇಕು. ಇಷ್ಟು ದಿನ ವೈಯಕ್ತಿಕವಾಗಿದ್ದ ಕೆಟ್ಟ ಕುತೂಹಲಕ್ಕೆ ಸರ್ಕಾರಿ ಮೊಹರು ಬಿದ್ದ ಹಾಗೆ.

ಸಂಪ್ರದಾಯಸ್ಥರಿಗೂ ಇದು ಪೂರ್ತಿ ಗೆಲುವಲ್ಲ. ಯಾವುದನ್ನು ಸಮಾಜ ಒಪ್ಪಬಾರದು ಅಂತ ಅವರು ಹೇಳುತ್ತಿದ್ದರೋ, ಅದಕ್ಕೆ ಈಗ ಸರ್ಕಾರವೇ ಪ್ರಮಾಣಪತ್ರ ಕೊಡುತ್ತಿದೆ. ಮದುವೆಗೆ ಪರ್ಯಾಯ ಒಂದಿದೆ ಅಂತ ಕಾನೂನಿನ ಪುಸ್ತಕದಲ್ಲೇ ಬರೆದಾಯಿತು. ಈ ಮಾದರಿ ಬೇರೆ ರಾಜ್ಯಗಳಿಗೂ ಹೋಗಬಹುದು. ಗುಜರಾತ್ 2025ರ ಫೆಬ್ರವರಿಯಲ್ಲೇ ಸಮಿತಿ ಮಾಡಿತು. ಉತ್ತರಾಖಂಡದ ಕರಡು ತಯಾರಿಸಿದ ನಿವೃತ್ತ ನ್ಯಾಯಮೂರ್ತಿ ರಂಜನಾ ದೇಸಾಯಿ ಅವರೇ ಅದಕ್ಕೂ ಅಧ್ಯಕ್ಷರಾದರು.

ಬೆಂಗಳೂರಿನ ಒಂದು ಕೇಸು

2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದಿದೆ. ಇಬ್ಬರೂ ಒಂದೇ ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅವಳು ಅವಿವಾಹಿತೆ, ಅವನಿಗೆ ಹೆಂಡತಿ ಮಕ್ಕಳಿದ್ದರು. 1992ರಲ್ಲಿ ಅವಳು ಕೆಲಸ ಬಿಟ್ಟು ಅವನ ಜೊತೆ ಬಾಳತೊಡಗಿದಳು. 2006ರಲ್ಲಿ ಅವನು ಬಿಟ್ಟುಹೋದ. ಕೆಳಗಿನ ಕೋರ್ಟ್ ತಿಂಗಳಿಗೆ 18,000 ರೂಪಾಯಿ ಕೊಡಲು ಹೇಳಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟೂ ಅವಳ ಮನವಿ ಒಪ್ಪಲಿಲ್ಲ. ಅವನಿಗೆ ಮದುವೆಯಾಗಿದೆ ಅಂತ ಅವಳಿಗೆ ಗೊತ್ತಿತ್ತು, ಹಾಗಾಗಿ ಇದು 'ಮದುವೆಯಂಥ ಸಂಬಂಧ' ಅಲ್ಲ ಅಂದಿತು. ಹೀಗೆ ಬೀದಿಗೆ ಬೀಳುವ ಹೆಂಗಸರು, ಅವರ ಮಕ್ಕಳಿಗಾಗಿ ಸಂಸತ್ತು ಕಾನೂನು ತರಲಿ ಅಂತಲೂ ಅದೇ ತೀರ್ಪಿನಲ್ಲಿ ಕೇಳಿಕೊಂಡಿತು.

ಸಂಸತ್ತು ತರಲಿಲ್ಲ. ಲಿವ್-ಇನ್‌ಗಾಗಿಯೇ ಕಾನೂನು ಬರೆದದ್ದು ಉತ್ತರಾಖಂಡ. ಆ ಹೆಂಗಸು ಇವತ್ತು ಡೆಹ್ರಾಡೂನಿನಲ್ಲಿದ್ದು, 16 ಪುಟವನ್ನೂ ತುಂಬಿಸಿ, ಆಧಾರ್ ಜೆರಾಕ್ಸ್ ಲಗತ್ತಿಸಿ ಸರದಿಯಲ್ಲಿ ನಿಂತರೂ ಅರ್ಜಿ ವಾಪಸ್ಸಾಗುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಮದುವೆಯಾಗಿದ್ದರೆ ನೋಂದಣಿ ಮಾಡುವಂತಿಲ್ಲ ಅಂತ ಆ ಕಾಯ್ದೆಯಲ್ಲೇ ಇದೆ.